ಪಲ್ಟಣ ಮನೆಯ ಮೂರು ಕಟ್ಟು

“ಪಲ್ಟಣ ಬಿಟ್ಟು ಓಡಿಹೋದವನ ವಂಶ ಲೇ ನಿಂದು. ಅಂಥಾ ಮನಿಯಾಗ ಹುಟ್ಟಿದವನಿಗೆ ನನ್ನ ತಮ್ಮನ ಜೀವ ಏನ್ ಲೆಕ್ಕ? ಎಲ್ಲಿ ಒಗದು ಬಂದಿ ಅವನ್ನ, ಹೇಳು.”

“ಅಂಗಿ ಬಿಡು ಮಾರೆಪ್ಪಣ್ಣ. ಇದು ಠಾಣೆ ಐತಿ, ನಿನ್ನ ಗದ್ದಿಗಿ ಅಲ್ಲ.”

“ಗದ್ದಿಗಿ ಹೆಸರು ನಿನ್ನ ಬಾಯಾಗ ಬರಬಾರದು. ಬಂದ್ರ ನಾಲಿಗಿ ಕೀಳತೀನಿ.”

ಆಂಧ್ರದ ಗಡಿಯ ಆಲೂರು ಠಾಣೆಯ ಪಡಸಾಲೆಯಲ್ಲಿ ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದು ಗೋಡೆಯಿಂದ ಗೋಡೆಗೆ ಎಳೆದಾಡುತ್ತಿದ್ದರು. ಬಿಡಿಸಲು ನಡುವೆ ನುಗ್ಗಿದ ಹೆಡ್ ಕಾನ್ಸ್‌ಟೇಬಲ್ ಲಾಲಪ್ಪನ ಟೋಪಿ ಬೆಂಚಿನ ಕೆಳಗೆ ಉರುಳಿತ್ತು. ಒಳಗೆ ಚಹಾ ಕುಡಿಯುತ್ತಿದ್ದ ಸರ್ಕಲ್ ಇನ್ಸ್‌ಪೆಕ್ಟರ್ ದಸ್ತಗಿರಿ ಲೋಟ ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದ. ಐವತ್ತು ದಾಟಿದ ಆಳು. ಸಿಟ್ಟು ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. “ಏಯ್, ಊರ್ಕೋವಯ್ಯಾ”, ಸುಮ್ಮನಿರಯ್ಯಾ, ಎಂದು ತೆಲುಗಿನಲ್ಲಿ ಗದರಿಸಿ ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಎರಡು ಕಡೆಗೆ ತಳ್ಳಿದ. 2025ರ ಸೆಪ್ಟೆಂಬರ್ 24, ಬುಧವಾರ, ಬೆಳಗಿನ ಒಂಬತ್ತೂ ನಲವತ್ತು.

ದೂರು ಕೊಡಲು ಬಂದವನು ಮಾರೆಪ್ಪ. ಸಿದ್ರಹಾಳು ಊರಿನವನು, ದೊಡ್ಡ ಕುರಿ ಹಿಂಡಿನ ಒಡೆಯ. ಅವನ ತಮ್ಮ ಶಿವಕೃಷ್ಣ ಹಿಂದಿನ ದಿನ ಸಂಜೆ ಕುರಿಗಳನ್ನು ಹಟ್ಟಿಗೆ ಸೇರಿಸಿ ಹೊರಗೆ ಹೋದವನು ಮನೆಗೆ ಬಂದಿರಲಿಲ್ಲ. ದೇವರ ಜಗುಲಿಯ ಮೇಲಿದ್ದ ಪಲ್ಟಣದ ಬಿಲ್ಲೆಯೂ ಕಾಣೆಯಾಗಿತ್ತು. ಸೋಮವಾರ ಚಹಾದಂಗಡಿಯ ಮುಂದೆ ಅದೇ ಊರಿನ ಆಂಜಿ ಶಿವಕೃಷ್ಣನ ಎದೆಗೆ ಕೈಹಾಕಿ ನೂಕಿದ್ದನ್ನು ಹತ್ತು ಜನ ನೋಡಿದ್ದರು. ಹಾಗಾಗಿ ಮಾರೆಪ್ಪ ಬೆಳಗಾಗುತ್ತಲೇ ಆಂಜಿಯನ್ನು ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಠಾಣೆಗೆ ಎಳೆದು ತಂದಿದ್ದ. ಬೈಗುಳವೆಲ್ಲ ಕನ್ನಡದಲ್ಲಿ ನಡೆಯಿತು. ದೂರನ್ನು ಮಾತ್ರ ರೈಟರ್ ತೆಲುಗಿನಲ್ಲಿ ಬರೆದುಕೊಂಡ.

ಬಿಲ್ಲೆಯ ಕತೆಯನ್ನು ಹೇಳಿದವನು ಲಾಲಪ್ಪ. ಅವನ ಹೆಂಡತಿಯ ತವರು ಸಿದ್ರಹಾಳಿನ ಪಕ್ಕದ ಊರು. ನೂರು ವರ್ಷದ ಹಿಂದೆ ಬಳ್ಳಾರಿ ದಂಡಿನಲ್ಲಿ ಬ್ರಿಟಿಷರ ಪಲ್ಟಣವೊಂದು ಇತ್ತು. ಸಿದ್ರಹಾಳಿನ ಹನ್ನೊಂದು ಮನೆಗಳಿಂದ ಒಬ್ಬೊಬ್ಬರು ಅದನ್ನು ಸೇರಿ ದೊಡ್ಡ ಯುದ್ಧಕ್ಕೆ, 1914ರ ಮಹಾಯುದ್ಧಕ್ಕೆ, ಇರಾಕಿನ ಬಸ್ರಾದ ಕಡೆಗೆ ಹೋದರು. ಮಾರೆಪ್ಪನ ಮುತ್ತಜ್ಜ, ಅದೇ ಹೆಸರಿನ ಹವಲ್ದಾರ್ ಮಾರೆಪ್ಪ, ತಿರುಗಿ ಬಂದ. ಆಮೇಲೆ ಸರಕಾರದ ಬೆಳ್ಳಿಯ ಬಿಲ್ಲೆ, ಯುದ್ಧದ ಪದಕ, ಬಂತು. ಅದಕ್ಕೇ ಅವನದು ‘ಪಲ್ಟಣ ಮನೆ’ ಆಯಿತು. ಆಂಜಿಯ ಮುತ್ತಜ್ಜ ಆಂಜಿನಪ್ಪ ಒಂದು ರಾತ್ರಿ ಪಹರೆ ಬಿಟ್ಟು ವೈರಿಗಳ ಕಡೆ ಓಡಿಹೋದನೆಂದು ಹವಲ್ದಾರನೇ ಊರಿಗೆ ಬಂದು ಹೇಳಿದ. ಅವತ್ತಿನಿಂದ ಅವರದು ‘ಓಡಿಹೋದವನ ಮನೆ’.

ಬನ್ನಿ ಹಬ್ಬದ ದಿನ ಬೀರಪ್ಪನ ಗುಡಿಯ ಮುಂದೆ ಕಂಬಳಿ ಹಾಸಿ ಗದ್ದುಗೆ ಹಾಕುತ್ತಾರೆ. ಪಲ್ಟಣ ಮನೆಯ ಹಿರಿಯ ಮೊದಲು ಕೂರುತ್ತಾನೆ, ಬಿಲ್ಲೆಗೆ ಅರಿಶಿನದ ಭಂಡಾರ ಹಚ್ಚುತ್ತಾನೆ, ಊರಿನ ನ್ಯಾಯ ಹೇಳುತ್ತಾನೆ. ಹತ್ತು ಮನೆಯವರು ಕಂಬಳಿಯ ಮೇಲೆ ಕೂರುತ್ತಾರೆ. ಆಂಜಿಯ ಮನೆಯವರು ನಿಂತುಕೊಂಡು ನೋಡುತ್ತಾರೆ.

ದಸ್ತಗಿರಿ ಆಂಜಿಯನ್ನು ಒಳಗೆ ಕರೆದ.

“ಸೋಮವಾರ ಶಿವಕೃಷ್ಣನ್ನ ಯಾಕ ನೂಕಿದಿ?”

“ಮಾತು ಬಂತು ಸಾರ್.”

“ಏನ್ ಮಾತು?”

ಆಂಜಿ ನೆಲ ನೋಡಿದ.

“ನಿನ್ನೆ ಸಂಜಿಕಡಿ ಎಲ್ಲಿದ್ದಿ?”

“ಹೊಲದಾಗ. ಮೆಣಸಿನಗಿಡಕ್ಕ ನೀರು ಬಿಡಾಕತ್ತಿದ್ದೆ.”

“ನೋಡಿದವರು?”

“ನಮ್ಮ ಹೊಲದ ಕಡಿ ಯಾರು ಬರ್ತಾರ ಸಾರ್?”

“ಬಿಲ್ಲೆ ಎಲ್ಲೈತಿ?”

ಆಂಜಿ ಕಿಟಕಿಯ ಕಡೆ ತಿರುಗಿದ. ದಸ್ತಗಿರಿಯ ಕೈ ಎದ್ದೇಬಿಟ್ಟಿತು. ಏಟು ಕೆನ್ನೆಗೆ ಬಿದ್ದ ಸದ್ದಿಗೆ ಹೊರಗಿದ್ದ ಮಾರೆಪ್ಪ ಬಾಗಿಲಿನತ್ತ ಇಣುಕಿದ. ಆಂಜಿ ಅಳಲಿಲ್ಲ, ಬೈಯಲಿಲ್ಲ, ಕೆನ್ನೆಯನ್ನೂ ಮುಟ್ಟಿಕೊಳ್ಳಲಿಲ್ಲ. ಇಂಥ ಮೌನ ಕಂಡರೆ ದಸ್ತಗಿರಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಎರಡನೇ ಏಟು ಬೀಳುವ ಮೊದಲೇ ಲಾಲಪ್ಪ ಬಾಗಿಲಲ್ಲಿ ಬಂದು ನಿಂತ. ಸಿದ್ರಹಾಳಿನ ಕುರಿ ಕಾಯುವವರು ಫೋನ್ ಮಾಡಿದ್ದರು. ಹಳೆಯ ಕಲ್ಲು ಕ್ವಾರಿಯಲ್ಲಿ ಹೆಣ ಸಿಕ್ಕಿತ್ತು.

ಕ್ವಾರಿ ಊರಿನಿಂದ ಒಂದು ಕೂಗಳತೆ ದೂರ. ಇನ್ಸ್‌ಪೆಕ್ಟರನ ಜೀಪು ತಲುಪುವಷ್ಟರಲ್ಲಿ ಅರ್ಧ ಊರು ಅಲ್ಲಿ ನೆರೆದಿತ್ತು. ಇಷ್ಟು ಜನ ಸೇರಿದ ಕಡೆ ಗದ್ದಲವಿರಬೇಕಿತ್ತು. ಇರಲಿಲ್ಲ. ಎಲ್ಲರೂ ಹೆಣದಿಂದ ದೂರ ನಿಂತು ಒಬ್ಬರ ಮುಖ ಒಬ್ಬರು ನೋಡುವುದನ್ನು ತಪ್ಪಿಸುತ್ತಿದ್ದರು.

ಬನ್ನಿ ಮರದ ಬುಡದಲ್ಲಿ ಹೆಣವನ್ನು ಯಾರೋ ಅಂಗಾತ ಮಲಗಿಸಿದ್ದರು. ಮೇಲಿನಿಂದ ಕೆಳಗಿನವರೆಗೆ ಕರಿ ಕಂಬಳಿ ಸುತ್ತಿತ್ತು. ಉಣ್ಣೆಯ ಹಗ್ಗದಿಂದ ಮೂರು ಕಡೆ ಕಟ್ಟಿತ್ತು, ಕುತ್ತಿಗೆಗೆ ಒಂದು, ಸೊಂಟಕ್ಕೆ ಒಂದು, ಕಾಲಿಗೆ ಒಂದು. ಹತ್ತು ಹೆಜ್ಜೆ ಆಚೆ ರಕ್ತ ಹತ್ತಿದ ಕಲ್ಲು ಬಿದ್ದಿತ್ತು. ಅಲ್ಲಿಂದ ಮರದವರೆಗೆ ಎಳೆದ ಗುರುತಿಲ್ಲ. ಅಂದರೆ ಕೊಂದವನು ಹೆಣವನ್ನು ಎತ್ತಿಕೊಂಡೇ ಬಂದು ನೆರಳಲ್ಲಿ ಮಲಗಿಸಿದ್ದ.

ಪಂಚನಾಮೆಗೆ ಕರೆದ ಇಬ್ಬರಿಗೆ ಹಗ್ಗ ಬಿಚ್ಚಿ ಎಂದರೆ ಇಬ್ಬರೂ ಹಿಂದಕ್ಕೆ ಸರಿದರು.

“ಬಿಚ್ಚಂಗಿಲ್ಲ ಸಾರ್,” ಎಂದ ಒಬ್ಬ.

“ಯಾಕ?”

“ನಮ್ಮ ಊರಿನ ಕಟ್ಟು ಐತಿ. ಬಿಚ್ಚಂಗಿಲ್ಲ.”

ದಸ್ತಗಿರಿ ಅವರ ಮೇಲೆ ರೇಗಾಡಿ ತಾನೇ ಮಂಡಿಯೂರಿ ಕೂತ. ಗಂಟುಗಳಿಗೆ ಕೈ ಹಚ್ಚದೆ ಗಂಟಿನ ಪಕ್ಕದಲ್ಲಿ ಹಗ್ಗ ಕತ್ತರಿಸಿದ. ಗಂಟು ಹಾಗೇ ಉಳಿಯಬೇಕು, ಅದು ಸಾಕ್ಷಿ. ಕಂಬಳಿ ಸರಿಸಿದಾಗ ಶಿವಕೃಷ್ಣನ ಮುಖ ಕಾಣಿಸಿತು. ತಲೆಯ ಎಡಭಾಗ ಒಡೆದಿತ್ತು. ಯಾರೋ ರಕ್ತ ಒರೆಸಿ ಹಣೆಗೆ ಭಂಡಾರ ಹಚ್ಚಿದ್ದರು. ಕಣ್ಣು ಮುಚ್ಚಿಸಿದ್ದರು. ಗುಂಪಿನ ಹಿಂದೆ ಒಬ್ಬ ಮುದುಕಿ ನಿಂತಿದ್ದಳು. ಆಕೆ ಮಾರೆಪ್ಪ, ಶಿವಕೃಷ್ಣರ ತಾಯಿ ಬಸವಕ್ಕ. ಆಕೆ ಎದೆ ಬಡಿದುಕೊಳ್ಳಲಿಲ್ಲ. ಹತ್ತಿರ ಬಂದು ಮಗನ ಮುಖವನ್ನೂ ಕತ್ತರಿಸಿದ ಹಗ್ಗವನ್ನೂ ನೋಡಿ ಊರಿನ ಕಡೆಗೆ ಹೊರಟುಹೋದಳು.

ಕಾಣೆಯಾದ ಪ್ರಕರಣ ಕೊಲೆಯ ಪ್ರಕರಣವಾಯಿತು. ಬಿಎನ್‌ಎಸ್ 103ನೇ ಕಲಂ ಹಾಕಿ ಎಫ್‌ಐಆರ್ ತಿದ್ದಿದರು. ಹೆಣ ಮರಣೋತ್ತರ ಪರೀಕ್ಷೆಗೆ ಆದೋನಿಗೆ ಹೋಯಿತು. ಊರಲ್ಲಿ ಮಾತು ಆಗಲೇ ಎದ್ದಿತ್ತು, ಓಡಿಹೋದವನ ಮನೆಯವರೇ ಮುಗಿಸಿದರು ಎಂದು. ಮಧ್ಯಾಹ್ನದೊಳಗೆ ಆಂಜಿಯ ಮನೆಯ ಶೀಟಿನ ಮೇಲೆ ಕಲ್ಲು ಬಿದ್ದವು. ದಸ್ತಗಿರಿ ಇಬ್ಬರು ಕಾನ್ಸ್‌ಟೇಬಲ್‌ಗಳನ್ನು ಆ ಬಾಗಿಲಿಗೆ ಹಾಕಿದ. ಆಂಜಿಯನ್ನು ಠಾಣೆಯಲ್ಲೇ ಇಟ್ಟುಕೊಂಡ. ಹೊರಗೆ ಬಿಟ್ಟಿದ್ದರೆ ಅವನ ಹೆಣಕ್ಕೂ ಪಂಚನಾಮೆ ಬರೆಯಬೇಕಾಗುತ್ತಿತ್ತು.

ಶಿವಕೃಷ್ಣನ ಮೊಬೈಲಿನಲ್ಲಿ ಕೊನೆಯ ವಾರದ ಕರೆಗಳಲ್ಲಿ ಒಂದು ಆದೋನಿಯ ನಂಬರು ಐದಾರು ಸಲ ಇತ್ತು. ಅದು ಸೇತುಮಾಧವ ಎಂಬ ನಿವೃತ್ತ ಇತಿಹಾಸ ಉಪನ್ಯಾಸಕರದು. ದಸ್ತಗಿರಿ ಆಸ್ಪತ್ರೆಗೆ ಹೋದವನು ಹಾಗೇ ರಾಯರ ಮಠದ ಹಿಂದಿನ ಓಣಿಯಲ್ಲಿದ್ದ ಅವರ ಮನೆಗೂ ಹೋದ.

“ಬರ್ರಿ ಸಾಹೇಬರ, ಕೂಡ್ರಿ,” ಎಂದು ಮುದುಕರು ಕುರ್ಚಿ ಎಳೆದರು. ಶಿವಕೃಷ್ಣ ಸತ್ತ ಸುದ್ದಿ ಕೇಳಿ ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎಷ್ಟೋ ಹೊತ್ತು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಅವರ ಹೆಂಡತಿ ಅನ್ನಪೂರ್ಣಾಬಾಯಿ ಮಜ್ಜಿಗೆ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಹುಡುಗ ಬಂದಾಗಲೆಲ್ಲ ಆಕೆ ಊಟ ಹಾಕಿ ಕಳಿಸುತ್ತಿದ್ದರಂತೆ.

ಸೇತುಮಾಧವರು ಹತ್ತು ವರ್ಷದಿಂದ ಆ ಪಲ್ಟಣದ ಇತಿಹಾಸ ಬರೆಯುತ್ತಿದ್ದರು. ಕಂಪನಿಯ ಕಾಲದಲ್ಲಿ ಈ ಸೀಮೆ ನಿಜಾಮನ ಕೈಯಿಂದ ಇಂಗ್ಲಿಷರ ಕೈಗೆ ಬಂದಾಗ ಬಳ್ಳಾರಿಯಲ್ಲಿ ದಂಡು ಬಿಟ್ಟದ್ದು, ಆ ದಂಡಿಗೆ ತೆಲುಗರು, ತಮಿಳರು, ಮುಸಲ್ಮಾನರು, ಕುರಿ ಕಾಯುವವರು ಎಲ್ಲರೂ ಸೇರಿದ್ದು, ಕೆಂಪು ಕೋಟು ಹಾಕಿಕೊಂಡು ಬರ್ಮಾದ ಕಾಡಿನಲ್ಲಿ ಗುಂಡಿಗಿಂತ ಹೆಚ್ಚಾಗಿ ಜ್ವರಕ್ಕೆ ಸತ್ತದ್ದು, ಎಲ್ಲ ಹೇಳಿದರು. ಆಮೇಲೆ ಬಿಳಿ ಅಧಿಕಾರಿಗಳಿಗೆ ಹೊಸ ಹುಚ್ಚು ಹಿಡಿಯಿತು. ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಿಲ್ಲ, ವಾಯವ್ಯದವರೇ ಶೂರರು ಎಂದುಕೊಂಡು ಇಲ್ಲಿಯ ಭರ್ತಿ ಕಡಿಮೆ ಮಾಡಿದರು. ದೊಡ್ಡ ಯುದ್ಧ ಬಂದು ಆಳು ಸಾಲದಾದಾಗ ಮತ್ತೆ ಸಿದ್ರಹಾಳಿನಂಥ ಊರುಗಳಿಗೇ ಡಂಗುರ ಹೊಡೆಸಿದರು. ಯುದ್ಧ ಮುಗಿದ ಮೂರು ನಾಲ್ಕು ವರ್ಷದಲ್ಲಿ ಪಲ್ಟಣವನ್ನೇ ಬರ್ಖಾಸ್ತು ಮಾಡಿದರು. ಹೆಸರಿಲ್ಲ, ನಿಶಾನೆಯಿಲ್ಲ. ಉಳಿದದ್ದು ಊರೂರಿನಲ್ಲಿ ಒಂದೊಂದು ನೆನಪಿನ ಕಲ್ಲು.

ದಸ್ತಗಿರಿಗೆ ತಾಳ್ಮೆ ಮುಗಿಯುತ್ತ ಬಂದಿತ್ತು. “ಸಾರ್, ಅದೆಲ್ಲ ಪುಸ್ತಕಕ್ಕ ಇರಲಿ. ಶಿವಕೃಷ್ಣ ನಿಮ್ಮ ಹತ್ರ ಯಾಕ ಬರ್ತಿದ್ದ?”

“ಅವನಿಗೂ ಪುಸ್ತಕ ಬೇಕಿರಲಿಲ್ಲರಿ. ಸಿದ್ರಹಾಳಿನ ಕಲ್ಲಿನ ಮ್ಯಾಲೆ ಏನೈತಿ ನೋಡೀರಾ? ಹನ್ನೊಂದು ಮಂದಿ ಹೋದರು, ನಾಲ್ವರು ಪ್ರಾಣ ಕೊಟ್ಟರು ಅಂತ ಐತಿ. ಊರವರು ಪೂಜಾ ಮಾಡೋದು ಮೂವರಿಗೆ. ನಾಲ್ಕನೇದು ಕಲ್ಲು ಕೆತ್ತಿದವನ ತಪ್ಪು ಅಂತಾರ. ಶಿವಕೃಷ್ಣ ಆ ನಾಲ್ಕನೆಯವ ಯಾರು ಅಂತ ಕೇಳಾಕ ಬಂದಿದ್ದ. ನಾ ಅಂದೆ, ನಿಮ್ಮ ಮನ್ಯಾಗಿನ ಬಿಲ್ಲೆ ತಗೊಂಬಾ, ಅದರ ಅಂಚಿನ ಮ್ಯಾಲೆ ಹೆಸರು ಇರತೈತಿ ಅಂತ.”

ಹೋದ ಶನಿವಾರ ಶಿವಕೃಷ್ಣ ಬಿಲ್ಲೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ. ನೂರು ವರ್ಷ ಪ್ರತಿ ಹಬ್ಬಕ್ಕೂ ಎಣ್ಣೆಯಲ್ಲಿ ಕಲಸಿದ ಭಂಡಾರ ಬಳಿದು ಬಳಿದು ಅದು ಬೆಳ್ಳಿಯೋ ಅರಿಶಿನದ ಉಂಡೆಯೋ ಗೊತ್ತಾಗುತ್ತಿರಲಿಲ್ಲ. ಹಿತ್ತಲಿನಲ್ಲಿ ಕೂತು ಹುಣಸೆಹಣ್ಣು ಹಾಕಿ ಇಬ್ಬರೂ ತಿಕ್ಕಿದರು. ಪದರು ಪದರಾಗಿ ಅರಿಶಿನ ಬಿಟ್ಟಿತು. ಅಂಚಿನಲ್ಲಿ ಇಂಗ್ಲಿಷ್ ಅಕ್ಷರ ಮೂಡಿದವು. ಸಿಪಾಯಿ ಆಂಜಿನಪ್ಪ.

“ಓಡಿಹೋದವನಿಗೆ ಸರಕಾರ ಬಿಲ್ಲೆ ಕೊಡತಿದ್ದಿಲ್ಲ ಸಾಹೇಬರ,” ಎಂದರು ಸೇತುಮಾಧವರು. “ಸತ್ತವನ ಬಿಲ್ಲೆ ಊರಿಗೆ ಅಂಚೆಯೊಳಗ ಬರತಿತ್ತು. ಆಂಜಿನಪ್ಪನ ಬಿಲ್ಲೆ ಬಂದೈತಿ, ಅಂದ್ರ ಅವ ಓಡಿಲ್ಲ, ಪಹರೆ ಮ್ಯಾಲೆ ಸತ್ತಾನ. ಹವಲ್ದಾರನ ಸ್ವಂತ ಬಿಲ್ಲೆ ಆ ಮನ್ಯಾಗ ಇಲ್ಲ. ಅದು ಯಾಕಿಲ್ಲ, ಇದು ಹೆಂಗ ಅಲ್ಲಿಗೆ ಬಂತು ಅನ್ನೋದನ್ನ ನಾನು ಹೇಳಂಗಿಲ್ಲ, ನನಗ ಆಧಾರ ಇಲ್ಲ. ಶಿವಕೃಷ್ಣ ಮಾತ್ರ ಅದನ್ನ ಅವತ್ತ ಹೇಳಿಬಿಟ್ಟ. ಅಂಚೆ ಬಿಡಿಸಿ ಓದಾಕ ಬರತಿದ್ದದ್ದು ಆ ಊರಾಗ ನಮ್ಮ ಮುತ್ತಜ್ಜಗ ಒಬ್ಬಗ, ಅವನಾ ಇಟ್ಕೊಂಡಾನ, ಅಂದ.”

ಎದ್ದು ಹೊರಡುವಾಗ ದಸ್ತಗಿರಿ ಮೂರು ಕಟ್ಟಿನ ವಿಷಯ ಕೇಳಿದ. ಮುದುಕರು ಅದನ್ನೂ ಬಿಡಿಸಿ ಹೇಳಿದರು. ಬಸ್ರಾದ ಆಚೆ, ನದೀ ದಂಡೆಯ ಮರಳಿನಲ್ಲಿ, ಸತ್ತವರನ್ನು ಕಂಬಳಿಯಲ್ಲಿ ಸುತ್ತಿ ಮೂರು ಕಡೆ ಕಟ್ಟಿ ಮಣ್ಣು ಮಾಡುತ್ತಿದ್ದರು. ತಿರುಗಿ ಬಂದವರು ಅದನ್ನು ಊರಿನ ಪದ್ಧತಿ ಮಾಡಿಕೊಂಡರು. ಹತ್ತು ಮನೆಗಳಿಗೆ ಮಾತ್ರ ಆ ಮರ್ಯಾದೆ. ಕಟ್ಟುವ ಹಕ್ಕು ಸತ್ತವನ ಮನೆಯ ಹಿರಿಯ ಗಂಡಸಿಗೆ ಮಾತ್ರ. ಬೇರೆ ಯಾರಾದರೂ ಕಟ್ಟಿದರೆ ಅದು ಕಟ್ಟಲ್ಲ, ಬಿಚ್ಚಿ ಮತ್ತೆ ಕಟ್ಟಬೇಕು. ಹಕ್ಕಿನ ಕೈ ಕಟ್ಟಿದ ಮೇಲೆ ಮಾತ್ರ ಎರಡನೇ ಸಲ ಕಟ್ಟುವಂತಿಲ್ಲ. ಕಟ್ಟಿದರೆ ಅದೇ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ ಎಂದು ಭಯ.

ಅವತ್ತು ಸಂಜೆ ದಸ್ತಗಿರಿ ಠಾಣೆಗೆ ಬಂದು ಆಂಜಿಯ ಮುಂದೆ ಚಹಾದ ಲೋಟ ಸರಿಸಿದ. ತಪ್ಪಾಯಿತು ಎನ್ನಲು ಅವನ ಬಾಯಿಗೆ ರೂಢಿಯಿರಲಿಲ್ಲ.

“ಬಿಲ್ಲೆ ನಿಮ್ಮದು ಅಂತ ಗೊತ್ತಾತು. ಬೆಳಿಗ್ಗೆ ಯಾಕ ಬೊಗಳಲಿಲ್ಲ?”

ಆಂಜಿಯ ಕಣ್ಣು ಅಗಲವಾದವು. ಆಮೇಲೆ ಮಾತು ತಾನಾಗಿ ಬಂತು. ಸೋಮವಾರ ಶಿವಕೃಷ್ಣ ಬಿಲ್ಲೆಯನ್ನು ಅವನ ಜೇಬಿಗೆ ತುರುಕಲು ಬಂದಿದ್ದ. ಆಂಜಿ ನೂಕಿದ್ದು ಅದಕ್ಕೆ. ಕದ್ದು ಕೊಡುವ ಮರ್ಯಾದೆ ನನಗೆ ಬೇಡ, ಕೊಡುವುದಿದ್ದರೆ ಬನ್ನಿ ಹಬ್ಬದ ದಿನ ಗದ್ದುಗೆಯ ಮುಂದೆ, ಎಲ್ಲರ ಎದುರಿಗೆ ಕೊಡು ಎಂದಿದ್ದ. ಆಗಲಿ ಎಂದ ಶಿವಕೃಷ್ಣ ಹಬ್ಬದ ತನಕ ಬಾಯಿಬಿಡಬೇಡ ಎಂದು ತಲೆ ಮುಟ್ಟಿಸಿ ಭಾಷೆ ತಗೊಂಡಿದ್ದ.

“ಅವ ಸತ್ತ ಮ್ಯಾಲೂ ಭಾಷೆ ಏನು?”

“ಸತ್ತ ಮ್ಯಾಲೆ ನಾ ಹೇಳಿದ್ರ ನನ್ನ ಲಾಭಕ್ಕ ಹೇಳ್ದಂಗ ಆಗತೈತಿ ಸಾರ್. ಓಡಿಹೋದವನ ಮನಿಯವ ಹೇಳಿದ್ದನ್ನ ನೀವರ ನಂಬತಿದ್ರೇನು?”

ದಸ್ತಗಿರಿ ಮಾತು ತಿರುಗಿಸಿದ. ಶಿವಕೃಷ್ಣನಿಗೆ ಇದರ ಉಸಾಬರಿ ಯಾಕೆ ಬಂತು ಎಂದು ಕೇಳಿದ. ಆಂಜಿ ಸ್ವಲ್ಪ ಹಿಂದೆಮುಂದೆ ನೋಡಿ ಹೇಳಿದ. ಮಾರೆಪ್ಪನಿಗೂ ಶಿವಕೃಷ್ಣನಿಗೂ ಭಾಗ್ಯ ಎಂಬ ತಂಗಿ ಇದ್ದಳು. ಇಪ್ಪತ್ತು ವರ್ಷದ ಹಿಂದೆ ಆಕೆ ಆಂಜಿಯ ಅಣ್ಣನನ್ನು ಮದುವೆಯಾದಳು. ಆಗತಾನೆ ಗದ್ದುಗೆ ಏರಿದ್ದ ಮಾರೆಪ್ಪ ಹೇಳಿದ ಮೊದಲ ನ್ಯಾಯ ಸ್ವಂತ ತಂಗಿಯದು. ಓಡಿಹೋದವನ ಮನೆ ಸೇರಿದವಳು ಊರಿಗೆ ಕಾಲಿಡಬಾರದು, ಆಕೆಯ ಮುಖ ನೋಡಿದವರು ಪಲ್ಟಣ ಮನೆಯ ಹೊಸ್ತಿಲು ತುಳಿಯಬಾರದು. ಗಂಡಹೆಂಡತಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿದುಕೊಂಡು ಇದ್ದಾರೆ. ಮೂರು ಮಕ್ಕಳಾಗಿವೆ. ತಾಯಿ ಬಸವಕ್ಕ ಒಂದು ಸಲವೂ ಅವನ್ನು ನೋಡಿಲ್ಲ. ಶಿವಕೃಷ್ಣ ಮಾತ್ರ ಕುರಿ ಮಾರುವ ನೆಪದಲ್ಲಿ ಹೋಗಿ ಬರುತ್ತಿದ್ದ.

ಗುರುವಾರ ಬೆಳಿಗ್ಗೆ ಮರಣೋತ್ತರ ವರದಿ ಬಂತು. ತಲೆಗೆ ಒಂದೇ ಏಟು, ಸಾವು ಮಂಗಳವಾರ ಮುಸ್ಸಂಜೆ. ಹೆಣ ಒಪ್ಪಿಸುವಾಗ ದಸ್ತಗಿರಿ ಮಾರೆಪ್ಪನಿಗೆ ಕಂಬಳಿಯೂ ಹಗ್ಗವೂ ಲ್ಯಾಬಿಗೆ ಹೋಗಬೇಕು, ಕೊಡಲು ಬರುವುದಿಲ್ಲ, ಬೇರೆ ತಂದುಕೊಳ್ಳಿ ಎಂದ. “ಬ್ಯಾಡ ಬಿಡ್ರಿ ಸಾರ್,” ಎಂದ ಮಾರೆಪ್ಪ. ದುಃಖದಲ್ಲಿದ್ದಾನೆ ಎಂದುಕೊಂಡ ದಸ್ತಗಿರಿ ಅದನ್ನು ಅಲ್ಲಿಗೇ ಬಿಟ್ಟ.

ಮಧ್ಯಾಹ್ನ ಮಣ್ಣು ಮಾಡುವಾಗ ಅವನೂ ಲಾಲಪ್ಪನೂ ಮಫ್ತಿಯಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ಹತ್ತು ಮನೆಯವರೂ ಬಂದಿದ್ದರು. ಒಬ್ಬ ಮುದುಕನ ಹೆಗಲ ಮೇಲೆ ಹೊಸ ಕಂಬಳಿ ಮಡಿಸಿ ಇತ್ತು. ಅವನು ಅದನ್ನು ಕೊಡಲಿಲ್ಲ, ಮಾರೆಪ್ಪ ಕೇಳಲಿಲ್ಲ. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಶಿವಕೃಷ್ಣನನ್ನು ಕುಣಿಗೆ ಇಳಿಸಿದರು. ಮಾರೆಪ್ಪ ಒಂದು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ. ಸಣ್ಣ ಸಣ್ಣ ಶಾಸ್ತ್ರಕ್ಕೂ ಜಗಳಾಡುವ ಊರಿನಲ್ಲಿ ಒಬ್ಬನೂ ಕಟ್ಟು ಎಲ್ಲಿ ಎಂದು ಕೇಳಲಿಲ್ಲ.

ದಸ್ತಗಿರಿ ಆ ಮುದುಕನ ಹೆಗಲ ಮೇಲಿನ ಕಂಬಳಿಯನ್ನೇ ನೋಡಿದ. ಆಂಜಿಯೋ ಬೇರೆ ಯಾರೋ ಕಟ್ಟಿದ್ದರೆ ಇವರು ಈಗ ಮತ್ತೆ ಕಟ್ಟಬೇಕಿತ್ತು. ಕಟ್ಟಲಿಲ್ಲ ಅಂದರೆ ಮೊದಲಿನ ಕಟ್ಟೇ ಸರಿ, ಹಕ್ಕಿನ ಕೈಯೇ ಕಟ್ಟಿದ್ದು ಎಂದು ಇವರೆಲ್ಲ ಒಪ್ಪಿಕೊಂಡಿದ್ದಾರೆ. ಆಂಜಿಯ ಮನೆಗೆ ಕಲ್ಲು ಎಸೆದ ಕೈಗಳೇ ಇವು.

ಜನ ಚದುರಿದ ಮೇಲೆ ಅವನು ಪಲ್ಟಣ ಮನೆಗೆ ಹೋದ. ಬಸವಕ್ಕ ಹಟ್ಟಿಯ ಗೋಡೆಗೆ ಒರಗಿ ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದಳು. ದಸ್ತಗಿರಿ ಆಕೆಯ ಎದುರಿಗೆ ನೆಲದ ಮೇಲೇ ಕೂತ.

“ಅವ್ವಾ, ಮಗನ್ನ ಹಂಗಾ ಮಣ್ಣಾಗ ಇಟ್ರಿ. ಕಟ್ಟಲಿಲ್ಲ.”

“ಕಟ್ಟಿದ್ದು ಆಗೇತಲ್ಲ.”

“ಹೊರಗಿನವ ಕಟ್ಟಿದ್ರ ಮತ್ತ ಕಟ್ಟಬೇಕಂತ.”

“ಹೊರಗಿನವ ಕಟ್ಟಿದ್ರ ಕಟ್ಟಬೇಕು.”

ಆಕೆ ಒಂದು ಮುಳ್ಳು ಕಿತ್ತು ಬದಿಗಿಟ್ಟಳು. ದಸ್ತಗಿರಿ ಅವಸರ ಮಾಡಲಿಲ್ಲ. ಅವನ ಜೀವನದಲ್ಲಿ ಅದು ಅಪರೂಪ.

“ಕುತ್ತಿಗಿ ಕಟ್ಟು ನೋಡಿದೆ ನಾನು,” ಎಂದಳು ಬಸವಕ್ಕ. “ಎರಡು ಗಂಟಿನ ಮ್ಯಾಲೆ ಮತ್ತೊಂದು ಹಾಕೈತಿ. ಅವರಪ್ಪ ಸತ್ತಾಗೂ ಹಂಗಾ ಹಾಕಿದ್ದ. ಬಿಗಿ ಆತೋ ಇಲ್ಲೋ ಅಂತ ಅವನಿಗೆ ಸಣ್ಣವನಿದ್ದಾಗಿಂದ ಅನುಮಾನ.”

“ಯಾರಿಗೆ ಅವ್ವಾ?”

“ಹೆಸರು ನನ್ನ ಬಾಯಿಂದ ಬ್ಯಾಡಪ್ಪ. ನಿನ್ನನ್ನೂ ಒಬ್ಬಾಕಿ ಹೆತ್ತಾಳ.” ಆಕೆ ಮೊದಲ ಸಲ ಮುಖ ಎತ್ತಿದಳು. “ಯಾರು ಅನ್ನೋದು ಊರಿಗೆಲ್ಲ ಗೊತ್ತೈತಿ. ಯಾಕ ಅನ್ನೋದು ನನಗ ಗೊತ್ತಿಲ್ಲ. ಕೇಳಿ ಬಂದು ಹೇಳು. ಅದೊಂದು ನನಗ ಬೇಕು.”

ಶುಕ್ರವಾರ ಬೆಳಿಗ್ಗೆ ಮಾರೆಪ್ಪನನ್ನು ಠಾಣೆಗೆ ಕರೆಸಿದರು. ಸಾಕ್ಷಿಗೆ ಕರೆದ ಊರಿನ ಕಂದಾಯ ಅಧಿಕಾರಿ ವಿಆರ್‌ಒ ಮತ್ತು ಇನ್ನೊಬ್ಬ ಮಧ್ಯವರ್ತಿ ಗೋಡೆಯ ಪಕ್ಕ ಕೂತಿದ್ದರು. ದಸ್ತಗಿರಿ ಕೂಗಾಡಲಿಲ್ಲ. ಲ್ಯಾಬಿಗೆ ಇನ್ನೂ ಕಳಿಸಿರದ ಮೂರು ಹಗ್ಗಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

“ನಿನ್ನೆ ಯಾಕ ಕಟ್ಟಲಿಲ್ಲ?”

“ಮನಸು ಸರಿ ಇರಲಿಲ್ಲ.”

“ಇವತ್ತು ಕಟ್ಟು. ನೀ ಹೇಳೋ ಪ್ರಕಾರ ಇದು ಆಂಜಿ ಕಟ್ಟಿದ್ದು. ಓಡಿಹೋದವನ ಮನಿಯವ ಕಟ್ಟಿದ ಗಂಟಿನಾಗ ನಿನ್ನ ತಮ್ಮ ಹೋಗಬಾರದು. ತಹಸೀಲ್ದಾರರ ಅಪ್ಪಣಿ ತಗೊಂಡು ಕುಣಿ ತೆಗಸತೀನಿ. ಮೊದಲು ಈ ಗಂಟು ಬಿಚ್ಚು.”

ಮಾರೆಪ್ಪ ಹಗ್ಗದ ಕಡೆ ಕೈ ಚಾಚಿದ. ಬೆರಳು ಗಂಟಿನ ಹತ್ತಿರ ಹೋಗಿ ನಿಂತವು. ಮುಂದಕ್ಕೆ ಹೋಗಲಿಲ್ಲ.

“ಬಿಚ್ಚು ಮಾರೆಪ್ಪ.”

“ಆಗಂಗಿಲ್ಲ ಸಾರ್.”

“ಯಾಕ?”

“ಕಟ್ಟಿದ್ದು ನಾನು.”

ಆಮೇಲೆ ಅವನು ಏನನ್ನೂ ಮುಚ್ಚಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಜಗುಲಿಯ ಮೇಲೆ ಬಿಲ್ಲೆ ಬೆಳ್ಳಗೆ ಹೊಳೆಯುವುದನ್ನು ಕಂಡು ತಮ್ಮನನ್ನು ಕೇಳಿದ್ದ. ಸಂಜೆ ಹೇಳುತ್ತೇನೆ ಎಂದಿದ್ದ ಶಿವಕೃಷ್ಣ ಕ್ವಾರಿಯ ಹತ್ತಿರ ಕರೆದು ಬಿಲ್ಲೆಯ ಅಂಚು ತೋರಿಸಿ ಹೆಸರು ಓದಿದ. ಹಬ್ಬದ ದಿನ ನೀನೇ ಗದ್ದುಗೆಯಿಂದ ಎದ್ದು ಇದನ್ನು ಆಂಜಿಗೆ ಕೊಡು, ಭಾಗ್ಯಳನ್ನು ಕರೆಸು, ಅವ್ವನಿಗೆ ಮೊಮ್ಮಕ್ಕಳನ್ನು ತೋರಿಸು ಎಂದ. ಮಾರೆಪ್ಪ ಬಿಲ್ಲೆ ಕಸಿದುಕೊಂಡ. ತಮ್ಮ ಬೆನ್ನು ತಿರುಗಿಸಿ, ನೀ ಕೊಡದಿದ್ದರೂ ನಾನು ಹೇಳುವುದನ್ನು ಹೇಳುತ್ತೇನೆ ಎಂದು ಹೊರಟ. ಕಲ್ಲು ಕೈಗೆ ಬಂದದ್ದು ಗೊತ್ತು, ಎಸೆದದ್ದು ಗೊತ್ತಿಲ್ಲ ಎಂದ ಮಾರೆಪ್ಪ. ಬಿದ್ದವನನ್ನು ಹೊತ್ತು ತಂದು ಮಲಗಿಸಿ ತನ್ನ ಕಂಬಳಿಯನ್ನೇ ಹೊದಿಸಿದ. ಕಟ್ಟದೆ ಬಿಟ್ಟು ಬರಲು ಆಗಲಿಲ್ಲ.

ಅವನು ತೋರಿಸಿದ ಜಾಗದಲ್ಲಿ, ಹಟ್ಟಿಯ ಉಣ್ಣೆ ಬುಟ್ಟಿಯ ತಳದಲ್ಲಿ, ಬಿಲ್ಲೆ ಸಿಕ್ಕಿತು. ಮಧ್ಯವರ್ತಿಗಳ ಎದುರಿಗೆ ಜಪ್ತಿ ಪಂಚನಾಮೆ ಬರೆದರು. ಅದರ ಅಂಚಿಗೆ ಹೊಸದಾಗಿ ಎಣ್ಣೆಯ ಭಂಡಾರ ದಪ್ಪಗೆ ಮೆತ್ತಿತ್ತು. ಇನ್ನೂ ಒಣಗಿರಲಿಲ್ಲ. ಅವತ್ತೇ ಮಧ್ಯಾಹ್ನ ಮಾರೆಪ್ಪನನ್ನು ಬಂಧಿಸಿದರು. ಆಂಜಿಯನ್ನು ಲಾಲಪ್ಪ ಜೀಪಿನಲ್ಲಿ ಕೂರಿಸಿಕೊಂಡು ಊರ ನಡುವಿನ ದಾರಿಯಲ್ಲೇ ಅವನ ಮನೆಯ ತನಕ ಬಿಟ್ಟು ಬಂದ.

ಶನಿವಾರ ಮಾರೆಪ್ಪನನ್ನು ಕೋರ್ಟಿಗೆ ಕಳಿಸುವ ಮೊದಲು ಬಸವಕ್ಕ ಠಾಣೆಗೆ ಬಂದಳು. ಹೇಳಿಕೆ ಬರೆದುಕೊಂಡದ್ದಾಯಿತು. ಆಕೆ ಬೆಂಚಿನಿಂದ ಏಳಲಿಲ್ಲ.

“ಯಾಕಂತ?”

ದಸ್ತಗಿರಿ ಲಾಕಪ್ಪಿನ ಕಡೆ ನೋಡಿದ. ಕಂಬಿಯ ಹಿಂದಿನಿಂದ ಮಾರೆಪ್ಪನೇ ಹೇಳಿದ.

“ಆಕಿನ್ನ ಊರು ಬಿಡಿಸಿದವ ನಾನು ಅವ್ವಾ. ಇಪ್ಪತ್ತು ವರ್ಷ ನಿನಗ ಮಗಳ ಮುಖ ನೋಡಾಕ ಬಿಡಲಿಲ್ಲ. ಅವರು ಓಡಿಹೋದವರು ಅಂತ ಮಾಡಿದೆ. ಅವರು ಓಡಿಲ್ಲ ಅಂದ್ರ ನಾ ಮಾಡಿದ್ದು ಏನು? ನಿನ್ನ ಮುಂದ ಹೆಂಗ ನಿಂದರಲಿ? ಅವನ ಬಾಯಿ ಮುಚ್ಚಿದ್ರ ನಿನಗ ಗೊತ್ತಾಗಂಗಿಲ್ಲ ಅನ್ಕೊಂಡೆ.”

ಬಸವಕ್ಕ ಅದನ್ನು ಪೂರ್ತಿ ಕೇಳಿದಳು. ಆಮೇಲೆ ಇನ್ಸ್‌ಪೆಕ್ಟರನ ಕಡೆ ತಿರುಗಿದಳು.

“ಬಿಲ್ಲೆ ಮೊದಲಿಂದ ಅವರದಾ ಏನು?”

“ಹೌದವ್ವಾ.”

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. ಮಾರೆಪ್ಪ ಎರಡು ಸಲ “ಅವ್ವಾ” ಎಂದ. ಆಕೆ ತಿರುಗಲಿಲ್ಲ. ಮೆಟ್ಟಿಲಿಳಿದು, ಜೀಪಿನ ಪಕ್ಕದಿಂದ ಹಾದು ರಸ್ತೆಗೆ ಹೋದಳು. ಸಿದ್ರಹಾಳಿನ ಆಟೋಗಳು ನಿಲ್ಲುವುದು ಎಡಕ್ಕೆ. ಆಕೆ ರಸ್ತೆ ದಾಟಿ ಬಲಕ್ಕೆ ಹೋಗಿ ಬಳ್ಳಾರಿ ಬಸ್ಸಿಗೆ ಕೈ ಮಾಡಿದಳು. ಕೈಯಲ್ಲಿ ಚೀಲವೂ ಇರಲಿಲ್ಲ.

ಹಟ್ಟಿಯ ಕುರಿಗಳನ್ನು ಆಮೇಲೆ ಉಳಿದ ಒಂಬತ್ತು ಮನೆಯವರು ಹಂಚಿಕೊಂಡು ಮೇಯಿಸಿದರು. ಪಲ್ಟಣ ಮನೆಯ ಬಾಗಿಲಿಗೆ ಬೀಗ ಹಾಕಿದವರು ಅಕ್ಕಪಕ್ಕದವರು. ಬಸವಕ್ಕ ಮತ್ತೆ ಆ ಊರಿಗೆ ಬರಲಿಲ್ಲ.